ಚಿಕ್ಕ ವಿಮಾನದ ಬಾಗಿಲು ಯಾರು ತೆಗೀಬೇಕು?

ಸೇಡಂ ರಸ್ತೆಯಲ್ಲಿ, ನಮ್ಮ ವಿಮಾನ ನಿಲ್ದಾಣದ ದಾರಿಗೆ ಸಿಗುವ ಒಂದು ಚಹಾದಂಗಡಿಯಲ್ಲಿ ನಾನು ಆಗಾಗ ಕೂಡುವುದುಂಟು. ಪಾಲಿಟೆಕ್ನಿಕ್‌ನಲ್ಲಿ ವರ್ಷಗಟ್ಟಲೆ ಯಂತ್ರಗಳ ಪಾಠ ಹೇಳಿದವನಿಗೆ ವಿಮಾನ ಇಳಿಯುವುದನ್ನು ನೋಡುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಹೊತ್ತಿಗೆ ಕಲಬುರಗಿಗೆ ದೊಡ್ಡವರು ಬರುತ್ತಾರೆ, ಚುನಾವಣೆ ಬಂತೆಂದರೆ ಕೇಳುವುದೇ ಬೇಡ. ಎಂಟ್ಹತ್ತು ಸೀಟಿನ ಬಿಳಿ ಜೆಟ್‌ಗಳು ಆಗ ಕಣ್ಣಿಗೆ ಬೀಳುತ್ತವೆ. ಅಂಥದೇ ಒಂದು, ಮಳೆ ಆಗಷ್ಟೇ ನಿಂತಿದ್ದ ಸಂಜೆ, ನೀರು ಚಿಮ್ಮಿಸುತ್ತಾ ಇಳಿಯಿತು. ಪಕ್ಕದಲ್ಲಿ ಟಂಟಂ ನಿಲ್ಲಿಸಿ ಚಹಾ ಹೀರುತ್ತಿದ್ದ ಹುಡುಗ ನನ್ನ ಕಡೆ ತಿರುಗಿದ.

"ಸರ್ರ, ಅಷ್ಟ್ ಉದ್ದ ರನ್‌ವೇ ಅದ, ಇಷ್ಟ್ ಸಣ್ಣ ವಿಮಾನ ಅದ. ಅಂದ್ರೂ ಇಂಥವು ಹೊರಗ ಹೋಗಿ ಬೆಂಕಿ ಹತ್ಕೊಂಡವು ಅಂತ ಟೀವಿಯಾಗ ತೋರಸ್ತಾರಲ್ರಿ, ಅದು ಹ್ಯಾಂಗ?"

ಒಳ್ಳೆಯ ಪ್ರಶ್ನೆ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ನಿಲ್ದಾಣದ ರನ್‌ವೇ 3,175 ಮೀಟರ್ ಉದ್ದ, 45 ಮೀಟರ್ ಅಗಲ. ಸಣ್ಣ ಜೆಟ್‌ಗೆ ಅದರ ಅರ್ಧವೂ ಧಾರಾಳ. ಆದರೂ ಹುಡುಗನ ಪ್ರಶ್ನೆಗೆ ಒಂದು ಕಪ್ ಚಹಾದಲ್ಲಿ ಉತ್ತರ ಮುಗಿಯಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವೇಗದ ಲೆಕ್ಕ. ಲಿಯರ್‌ಜೆಟ್ 60 ಎಂಬ ಮಾದರಿಯನ್ನೇ ತೆಗೆದುಕೊಳ್ಳಿ. ತುಂಬಿದಾಗ ಅದರ ತೂಕ ಸುಮಾರು ಹತ್ತೂವರೆ ಟನ್. ನಮ್ಮ ಕೆಕೆಆರ್‌ಟಿಸಿ ಬಸ್ಸು ಜನ ತುಂಬಿಕೊಂಡರೆ 15 ಟನ್ ಆಸುಪಾಸು, ಅಂದರೆ ತೂಕದಲ್ಲಿ ಬಸ್ಸೇ ಮೇಲು. ಆದರೆ ಜೆಟ್ ನೆಲ ಬಿಡುವ ಹೊತ್ತಿಗೆ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಯಷ್ಟೇ. ಲೆಕ್ಕ ಹಾಕಿ ನೋಡಿದರೆ, ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಹನ್ನೆರಡು ತುಂಬಿದ ಬಸ್ಸುಗಳ ಶಕ್ತಿ ಆ ಒಂದು ಸಣ್ಣ ವಿಮಾನದಲ್ಲಿ ಇರುತ್ತದೆ. ನಿಲ್ಲಿಸಬೇಕಾದರೆ ಇಷ್ಟೂ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಕರಗಬೇಕು, ಅದೂ ಕೈಯಗಲದ ನಾಲ್ಕು ಟಯರುಗಳ ಮೂಲಕ. ಪೈಲಟ್ ಒಂದು ಸೆಕೆಂಡು ತಡಮಾಡಿದರೆ 70 ಮೀಟರ್ ರನ್‌ವೇ ಹಿಂದೆ ಸರಿದಿರುತ್ತದೆ. ಮೂರೂವರೆ ಕ್ರಿಕೆಟ್ ಪಿಚ್ ಉದ್ದ.

ಈ ಕಾರಣಕ್ಕೇ ಪೈಲಟ್‌ಗಳು ಪ್ರತಿ ಹಾರಾಟಕ್ಕೂ ಮೊದಲು ಒಂದು ವೇಗವನ್ನು ಲೆಕ್ಕ ಮಾಡಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ವಿ-ಒನ್ ಎನ್ನುತ್ತಾರೆ. ನಮ್ಮ ಕಡೆ ಹಳ್ಳ ಜಿಗಿಯುವವನು ಹೇಗೆ ಓಡಿ ಬರುತ್ತಾನೋ ನೆನಪಿಸಿಕೊಳ್ಳಿ. ಓಟದ ನಡುವೆ ಎಲ್ಲೋ ಒಂದು ಗೆರೆ ಇರುತ್ತದೆ. ಅಲ್ಲಿಯವರೆಗೆ ಬೇಡವೆನಿಸಿದರೆ ನಿಲ್ಲಬಹುದು. ಗೆರೆ ದಾಟಿದ ಮೇಲೆ ಹೆದರಿಕೆಯಾದರೂ ಜಿಗಿಯಲೇಬೇಕು, ದಂಡೆಯ ಮೇಲೆ ಮನಸ್ಸು ಬದಲಿಸಿದವನು ನೀರಿಗೇ ಬೀಳುತ್ತಾನೆ. ವಿ-ಒನ್ ಆ ಗೆರೆ. ಅದರ ನಂತರ ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲಿ ಮೇಲೇರಿ, ಒಂದು ಸುತ್ತು ಹಾಕಿ, ಬಂದು ಇಳಿಯುವುದೇ ಕ್ಷೇಮ ಎನ್ನುವುದು ಪಾಠ.

ಪಾಠ ಗೊತ್ತಿದ್ದರೂ ಕಾಲು ಬ್ರೇಕಿನ ಮೇಲೆ ಹೋಗಿಬಿಡುತ್ತದೆ. 2008ರ ಸೆಪ್ಟೆಂಬರ್ 19ರ ರಾತ್ರಿ ಅಮೆರಿಕದ ಸೌತ್ ಕ್ಯಾರೊಲೈನಾದ ಕೊಲಂಬಿಯಾದಲ್ಲಿ ಒಂದು ಲಿಯರ್‌ಜೆಟ್ 60 ಓಡುತ್ತಿತ್ತು. ವಿ-ಒನ್ ದಾಟಿದ ಮರುಕ್ಷಣವೇ ಟಯರ್ ಸಿಡಿಯಿತು. ಪೈಲಟ್ ನಿಲ್ಲಿಸಲು ಹೊರಟರು. ಸಿಡಿದ ಟಯರಿನ ತುಂಡುಗಳು ಗಾಲಿಯ ಹತ್ತಿರದ ಸಂವೇದಕಗಳನ್ನು ಹಾಳುಮಾಡಿದ್ದವು, ಹಾಗಾಗಿ ವಿಮಾನದ ಯಂತ್ರವ್ಯವಸ್ಥೆ ತಾನು ಗಾಳಿಯಲ್ಲಿದ್ದೇನೆ ಎಂದುಕೊಂಡಿತು. ಎಂಜಿನ್ನಿನ ಒತ್ತನ್ನು ಮುಂದಕ್ಕೆ ತಿರುಗಿಸಿ ವಿಮಾನವನ್ನು ತಡೆಯುವ ಕವಾಟಗಳು, ಅವಕ್ಕೆ ರಿವರ್ಸರ್ ಎನ್ನುತ್ತಾರೆ, ಮುಚ್ಚಿಕೊಂಡವು. ನಿಲ್ಲಿಸಲೆಂದು ಪೈಲಟ್ ಕೇಳಿದ ಬಲ ವಿಮಾನವನ್ನು ಮುಂದಕ್ಕೇ ತಳ್ಳಿತು. ಬೇಲಿ ಮುರಿದು, ರಸ್ತೆ ದಾಟಿ, ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ಆರು ಜನರಲ್ಲಿ ನಾಲ್ವರು ಸತ್ತರು, ಉಳಿದಿಬ್ಬರು ಮೈಸುಟ್ಟುಕೊಂಡು ಹೊರಬಂದರು.

ತನಿಖೆಯವರು ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಏನು ಗೊತ್ತೇ? ಗಾಳಿ. ಆ ವಿಮಾನದ ಟಯರುಗಳು ದಿನಕ್ಕೆ ಸುಮಾರು 2 ಶೇಕಡ ಗಾಳಿ ಕಳೆದುಕೊಳ್ಳುವಂಥವು. ಮೂರು ವಾರದಿಂದ ಯಾರೂ ಒತ್ತಡ ನೋಡಿರಲಿಲ್ಲ. ಇಂಥ ಗಟ್ಟಿ ಟಯರು ಮೂರನೇ ಒಂದು ಭಾಗ ಗಾಳಿ ಹೋದರೂ ಹೊರಗೆ ಚಪ್ಪಟೆಯಾಗಿ ಕಾಣುವುದಿಲ್ಲ. ಓಡುವಾಗ ಮಾತ್ರ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಮಡಚಿ, ಬಿಸಿಯಾಗಿ, ಒಳಗೇ ಹರಿಯುತ್ತದೆ. ಇದನ್ನು ಹೇಳಿದಾಗ ಹುಡುಗ ಒಮ್ಮೆ ತನ್ನ ಟಂಟಂನ ಹಿಂದಿನ ಗಾಲಿಯ ಕಡೆ ನೋಡಿದ. ನಾನೂ ನೋಡಿದೆ, ಏನೂ ಅನ್ನಲಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ಹೊಟ್ಟೆ ಉರಿಸುವಂಥದು. ನಿಲ್ಲಿಸಿದ ವಿಮಾನದ ರೆಕ್ಕೆ, ಬಾಲಗಳ ಅಲುಗುವ ಭಾಗಗಳನ್ನು ಬಿರುಗಾಳಿ ಬಡಿದಾಡಿಸದಂತೆ ಬಿಗಿಯುವ ಒಂದು ಕೊಕ್ಕೆ ಇರುತ್ತದೆ. ಬೈಕಿನ ಹ್ಯಾಂಡಲ್ ಲಾಕ್ ಇದ್ದಂತೆ ಅಂದುಕೊಳ್ಳಿ. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ 4 ಆ ಲಾಕ್ ತೆಗೆಯದೆಯೇ ಓಟ ಶುರುಮಾಡಿತು. ಹಾರುವ ವೇಗ ಬಂತು, ಮೂಗು ಮೇಲೇಳಲಿಲ್ಲ. "ಲಾಕ್ ಹಾಕಿದೆ" ಎಂದು ಪೈಲಟ್ ಮತ್ತೆ ಮತ್ತೆ ಹೇಳುವುದು ಧ್ವನಿಮುದ್ರಣದಲ್ಲಿದೆ. ಹಾಗೆ ಹೇಳುತ್ತಾ ಅದನ್ನು ಬಿಡಿಸಲು ಒದ್ದಾಡಿದರೇ ಹೊರತು ಕೂಡಲೇ ಬ್ರೇಕ್ ಒತ್ತಲಿಲ್ಲ. ಆ ಮಾತು ಮೊದಲ ಸಲ ಬಾಯಿಗೆ ಬಂದಾಗಲೇ ಒತ್ತಿದ್ದರೆ ವಿಮಾನ ಡಾಂಬರಿನ ಮೇಲೇ ನಿಲ್ಲುತ್ತಿತ್ತು ಎಂದು ತನಿಖೆ ಹೇಳಿತು. ವಿಮಾನ ರನ್‌ವೇ ದಾಟಿ ಹಳ್ಳಕ್ಕೆ ಬಿದ್ದು ಉರಿಯಿತು. ಒಳಗಿದ್ದ ಏಳೂ ಜನ ಉಳಿಯಲಿಲ್ಲ. ಅದೇ ವಿಮಾನದ ಹಿಂದಿನ 175 ಟೇಕಾಫ್‌ಗಳ ದಾಖಲೆ ತೆಗೆದು ನೋಡಿದರು. ಹಾರುವ ಮುಂಚೆ ಹ್ಯಾಂಡಲ್ ಪೂರ್ತಿ ಅತ್ತಿತ್ತ ತಿರುಗಿಸಿ ಪರೀಕ್ಷಿಸಿದ್ದು ಎರಡು ಸಲ ಮಾತ್ರ. ಇಬ್ಬರೂ ಅನುಭವಿ ಪೈಲಟ್‌ಗಳು, ಬಹುಕಾಲದಿಂದ ಜೊತೆಯಲ್ಲೇ ಹಾರುತ್ತಿದ್ದವರು. ನನಗೆ ಅನಿಸುವುದು, ಆ ಜೊತೆಯೇ ಮುಳುವಾಯಿತು. ಹಾರುವ ಮುಂಚೆ ಒಂದೊಂದಾಗಿ ಓದಿ ಪರೀಕ್ಷಿಸಬೇಕಾದ ಕೆಲಸಗಳ ಪಟ್ಟಿ ಇರುತ್ತದೆ, ಅಪರಿಚಿತನ ಎದುರು ಯಾರೂ ಅದನ್ನು ಓದುವುದನ್ನು ಬಿಡುವುದಿಲ್ಲ.

ಇಳಿಯುವ ಕಥೆ ಬೇರೆ. ಅಲ್ಲಿ ವೈರಿ ಹೆಚ್ಚಾಗಿ ನೀರು. ಮಳೆಗಾಲದಲ್ಲಿ ಅಂಗಳದ ಶಹಾಬಾದಿ ಫರ್ಸಿಯ ಮೇಲೆ ಅವಸರದಲ್ಲಿ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಲಿ ವೇಗವಾಗಿ ಉರುಳುವಾಗ ಮುಂದಿನ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲು ಪುರಸೊತ್ತು ಸಿಗದಷ್ಟು ವೇಗವಿದ್ದರೆ ಟಯರು ನೀರಿನ ಮೇಲೆ ಏರಿ ಕೂಡುತ್ತದೆ, ಆಮೇಲೆ ಬ್ರೇಕು ಎಷ್ಟು ಒತ್ತಿದರೂ ಅಷ್ಟೇ. ಅದಕ್ಕೊಂದು ಹಳೆಯ ಸೂತ್ರವಿದೆ. ಟಯರಿನ ಗಾಳಿಯ ಒತ್ತಡವನ್ನು ಪಿಎಸ್‌ಐಯಲ್ಲಿ ಬರೆದು, ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟಯರು ತೇಲತೊಡಗುವ ವೇಗ ನಾಟ್‌ಗಳಲ್ಲಿ ಬರುತ್ತದೆ. 144 ಪಿಎಸ್‌ಐ ಇದ್ದರೆ 108 ನಾಟ್, ಅಂದರೆ ಗಂಟೆಗೆ 200 ಕಿಲೋಮೀಟರ್. ಸಣ್ಣ ಜೆಟ್‌ಗಳು ನೆಲ ಮುಟ್ಟುವ ವೇಗವೂ ಸರಿಸುಮಾರು ಇಷ್ಟೇ. ನಿಮ್ಮ ಕಾರಿನ 32 ಪಿಎಸ್‌ಐಗೆ ಹಾಕಿ ನೋಡಿ, 94 ಕಿಲೋಮೀಟರ್ ಬರುತ್ತದೆ. ಹುಮನಾಬಾದ್ ದಾರಿಯಲ್ಲಿ ಮಳೆಯೊಳಗೆ ನೂರು ದಾಟಿಸುವವರು ಈ ಸಂಖ್ಯೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿಕೊಳ್ಳಲಿ.

2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಮುಂಬೈಗೆ ಬಂದ ಲಿಯರ್‌ಜೆಟ್ 45 ಭಾರಿ ಮಳೆಯಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು. ಆಗ ಕಣ್ಣಿಗೆ ಕಾಣುತ್ತಿದ್ದ ದೂರ 700 ಮೀಟರ್. ವಿಮಾನ ಎರಡು ತುಂಡಾಯಿತು. ಎಂಟೂ ಜನ ಬದುಕಿದರು. ಆ ವಿಡಿಯೋ ನೋಡಿದವರಿಗೆ ಇಂದಿಗೂ ನಂಬಿಕೆ ಬರುವುದಿಲ್ಲ.

ನಿಯಮ ಮಾಡಿದವರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಅಮೆರಿಕದಲ್ಲಿ ಬಾಡಿಗೆಗೆ ಹಾರುವ ಜೆಟ್ ಸಾಮಾನ್ಯವಾಗಿ, ಇಳಿದು ನಿಲ್ಲಲು ಬೇಕಾದ ದೂರ ರನ್‌ವೇಯ 60 ಶೇಕಡದೊಳಗೆ ಇದ್ದರಷ್ಟೇ ಹೊರಡಬೇಕು. ಒದ್ದೆಯಿದ್ದರೆ ಇನ್ನೂ 15 ಶೇಕಡ ಉದ್ದ ಬೇಕು. ನಮ್ಮ ರನ್‌ವೇಗೆ ಈ ಲೆಕ್ಕ ಹಾಕಿದರೆ 3,175 ಮೀಟರಿನಲ್ಲಿ ಒಣಗಿದ್ದಾಗ 1,905, ಒದ್ದೆಯಾದಾಗ 1,656 ಮೀಟರ್ ಮಾತ್ರ ಪೈಲಟ್‌ನ ಕೈಗೆ ಸಿಗುತ್ತದೆ. ಉಳಿದದ್ದು ತಪ್ಪಿಗೆಂದು ಎತ್ತಿಟ್ಟ ಗಂಟು. ಆದರೆ ಗಂಟನ್ನು ಗಾಳಿಯಲ್ಲೇ ಖರ್ಚು ಮಾಡುವವರೂ ಇದ್ದಾರೆ. ಎತ್ತರ ಹೆಚ್ಚಾಗಿದೆ, ವೇಗ ಹೆಚ್ಚಾಗಿದೆ ಎಂದು ಗೊತ್ತಿದ್ದೂ, ಮತ್ತೊಂದು ಸುತ್ತು ಹೊಡೆದು ಬರುವ ಬದಲು ಹೇಗೋ ಇಳಿಸಿಬಿಡೋಣ ಎನ್ನುವ ಹಟ. 2019ರ ಆಗಸ್ಟ್ 15ರಂದು ಟೆನಿಸಿಯ ಎಲಿಜಬೆತ್‌ಟನ್‌ನಲ್ಲಿ ಕಾರ್ ರೇಸಿನ ಹೆಸರಾಂತ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕುಟುಂಬವಿದ್ದ ಸೈಟೇಷನ್ ಜೆಟ್ ಹೀಗೆಯೇ ಜೋರಾಗಿ ಬಂದು, ಪುಟಿದು, ಗಾಲಿಯ ಕಾಲು ಮುರಿದುಕೊಂಡು, ಹೆದ್ದಾರಿಯ ಅಂಚಿಗೆ ಹೋಗಿ ಹೊತ್ತಿಕೊಂಡಿತು. ಮುಖ್ಯ ಬಾಗಿಲು ಅರೆಬರೆ ತೆರೆಯಿತು. ಆ ಸಂದಿಯಲ್ಲೇ ಪುಟ್ಟ ಮಗುವಿನ ಸಮೇತ ಎಲ್ಲರೂ ನುಸುಳಿ ಹೊರಬಿದ್ದರು. ಆ ಬಾಗಿಲಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಬೇಸಿಗೆಯಲ್ಲಿ ನಮ್ಮ ಸಮಸ್ಯೆ ಬೇರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆಗೂ ಎಂಜಿನ್ನಿಗೂ ಅದು ಸುಮಾರು 1,500 ಮೀಟರ್ ಎತ್ತರದ ಗಾಳಿಯಂತೆ ತೋರುತ್ತದೆ. ಮಡಿಕೇರಿಗಿಂತ ಎತ್ತರದ ಗುಡ್ಡದ ನೆತ್ತಿಯಿಂದ ಹಾರಿದಂತೆ ಲೆಕ್ಕ, ತಂಪು ಮಾತ್ರ ಇಲ್ಲ. ಅದೇ ತೂಕಕ್ಕೆ ಹೆಚ್ಚು ಓಟ ಬೇಕು. ಇನ್ನೊಂದು ಸಂಗತಿ: ಜೆಟ್ ಇಂಧನ ಬೇರೇನೂ ಅಲ್ಲ, ಶೋಧಿಸಿದ ಚಿಮಣಿ ಎಣ್ಣೆಯೇ. ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ 38 ಡಿಗ್ರಿಗಿಂತ ಕಡಿಮೆ ಇರಬಾರದೆಂಬುದು ಅಂತಾರಾಷ್ಟ್ರೀಯ ಮಾನದಂಡ. ಸುರಕ್ಷಿತ ಎಂದು ಇಟ್ಟ ಆ ಗಡಿಯನ್ನು ನಮ್ಮ ಬಿಸಿಲು ಏಪ್ರಿಲ್‌ನಲ್ಲೇ ದಾಟಿರುತ್ತದೆ. ಚಳಿದೇಶದಲ್ಲಿ ಚೆಲ್ಲಿದ ಇಂಧನಕ್ಕಿಂತ ಇಲ್ಲಿ ಚೆಲ್ಲಿದ್ದು ಬೇಗ ಸಿಟ್ಟಿಗೇಳುತ್ತದೆ.

ಇಂಧನ ಚೆಲ್ಲುವುದು ಯಾಕೆ? ಇದು ಹುಡುಗನ ಎರಡನೇ ಪ್ರಶ್ನೆ. ಟ್ಯಾಂಕು ಇರುವುದೇ ರೆಕ್ಕೆಯಲ್ಲಿ. ಗಾಲಿಯ ಕಾಲುಗಳು ಸಿಕ್ಕಿಸಿರುವುದೂ ರೆಕ್ಕೆಯ ಬುಡಕ್ಕೇ. ಡಾಂಬರು ಬಿಟ್ಟು ಮೆತ್ತನೆಯ ನೆಲಕ್ಕೆ ಇಳಿದರೆ ಗಾಲಿ ಹೂಳುತ್ತದೆ, ಕಾಲು ಕಿತ್ತು ಬರುತ್ತದೆ, ಬರುವಾಗ ಟ್ಯಾಂಕಿನ ತಳವನ್ನು ಸೀಳುತ್ತದೆ. ಪಕ್ಕದಲ್ಲೇ ಕೆಂಪಗೆ ಕಾದ ಬ್ರೇಕು. ನಮ್ಮ ಕರಿ ಎರೆ ಮಣ್ಣಿನ ತೊಗರಿ ಹೊಲದಲ್ಲಿ ಮಳೆಗೆ ಟ್ರ್ಯಾಕ್ಟರ್ ಹೂತು ನಿಂತದ್ದನ್ನು ಕಂಡವರಿಗೆ, ಗಂಟೆಗೆ ನೂರು ಕಿಲೋಮೀಟರಿನಲ್ಲಿ ಅದೇ ಮಣ್ಣಿಗೆ ಇಳಿಯುವ ಗಾಲಿಯ ಗತಿ ಊಹಿಸುವುದು ಕಷ್ಟವಲ್ಲ. ಅದಕ್ಕೇ ರನ್‌ವೇ ತುದಿಯಿಂದ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್, ದೊಡ್ಡ ರನ್‌ವೇಗಳಿಗೆ ಸಾಧ್ಯವಾದರೆ 240 ಮೀಟರ್ ಜಾಗವನ್ನು ಸಮಮಾಡಿ ಬಿಟ್ಟಿರಬೇಕೆಂದು ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ. ಅಲ್ಲಿ ಬೆಳೆ, ಗುಂಡಿ, ಕಲ್ಲಿನ ಗೋಡೆ ಯಾವುದೂ ಇರಕೂಡದು. ನೋಡುವವರಿಗೆ ಬೀಳುಬಿಟ್ಟ ಜಮೀನು. ಎಷ್ಟು ಜಾಗ ಹಾಳು ಮಾಡ್ಯಾರ ಎಂದು ಗೊಣಗುವವರನ್ನು ಇದೇ ಚಹಾದಂಗಡಿಯಲ್ಲಿ ಕೇಳಿದ್ದೇನೆ. ಆ ಜಾಗ ಕಡಿಮೆಯಾಗಿ, ಆಚೆ ಕಣಿವೆಯಿದ್ದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನಲ್ಲಿ 2010ರ ಮೇ 22ರಂದು ನಾವು ಕಂಡಿದ್ದೇವೆ. 158 ಜನ ಹೋದರು, ಉಳಿದವರು ಎಂಟು.

ಜಾಗವೇ ಇಲ್ಲದ ಕಡೆ ಇನ್ನೊಂದು ಉಪಾಯವಿದೆ. ನ್ಯೂಯಾರ್ಕ್ ಪಕ್ಕದ ಟೆಟರ್‌ಬರೊ ಎಂಬಲ್ಲಿ ಸಣ್ಣ ಜೆಟ್‌ಗಳದ್ದೇ ಕಾರುಬಾರು. 2005ರ ಫೆಬ್ರವರಿ 2ರಂದು ಅಲ್ಲಿ ಒಂದು ಚಾಲೆಂಜರ್ ಜೆಟ್ ಮುಂಭಾರವಾಗಿ ಓಡಿತು. ಬಂಡಿಗೆ ಮುಂದೆಯೇ ಚೀಲ ಹೇರಿದರೆ ನೊಗ ಎತ್ತಿನ ಹೆಗಲು ಜಗ್ಗುವುದಿಲ್ಲವೇ, ಹಾಗೆ. ತೂಕದ ಹಂಚಿಕೆ ಸರಿಯಿಲ್ಲದೆ ಮೂಗು ಏಳಲೇ ಇಲ್ಲ. ವಿಮಾನ ಬೇಲಿ ಹರಿದು, ಆರು ಪಥದ ಹೆದ್ದಾರಿ ದಾಟಿ, ಒಂದು ಕಾರಿಗೆ ಬಡಿದು, ಗೋದಾಮಿನ ಗೋಡೆಗೆ ಹೊಕ್ಕಿತು. ಬೆಂಕಿಯೂ ಹೊತ್ತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ಅಲ್ಲಿ ರನ್‌ವೇ ತುದಿಗೆ, ತುಳಿದರೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು ಹಾಕಿದರು. ಗಾಲಿ ಅದರಲ್ಲಿ ಹೂತು, ಇಟ್ಟಿಗೆಯನ್ನು ಪುಡಿಮಾಡುತ್ತಾ, ಕಾಲು ಮುರಿಯದಂತೆ ನಿಧಾನವಾಗುತ್ತದೆ. 2010ರ ಅಕ್ಟೋಬರ್ 1ರಂದು ಅದೇ ಟೆಟರ್‌ಬರೊದಲ್ಲಿ ಒಂದು ಗಲ್ಫ್‌ಸ್ಟ್ರೀಮ್ ರನ್‌ವೇ ದಾಟಿ ಆ ಹಾಸಿಗೆ ನುಗ್ಗಿ ನಿಂತಿತು. ಒಳಗಿದ್ದವರು ಗಾಯವಿಲ್ಲದೆ ಇಳಿದು ನಡೆದರು.

ಈಗ ಬೆಂಕಿ. ಇದನ್ನು ನಿಧಾನವಾಗಿ ಓದಿ, ಎಲ್ಲ ಇರುವುದು ಗಡಿಯಾರದಲ್ಲಿ.

ವಿಮಾನದ ಮೈಯ ಅಲ್ಯೂಮಿನಿಯಂ 660 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ. ಚೆಲ್ಲಿದ ಇಂಧನದ ಬೆಂಕಿ ಸಾವಿರ ಡಿಗ್ರಿಯ ಆಸುಪಾಸು. ತೆಳುವಾದ ಆ ಹೊರಹಾಳೆ ನೇರ ಬೆಂಕಿಗೆ ಒಂದು ನಿಮಿಷ ತಡೆದರೆ ಹೆಚ್ಚು. ಒಳಗೆ ಹೊಗೆ ತುಂಬುತ್ತದೆ. ಮನೆಯ ಕಟ್ಟಿಗೆಯ ಹೊಗೆಯಲ್ಲ ಅದು. ಸ್ಪಂಜು, ಪ್ಲಾಸ್ಟಿಕ್, ಬಣ್ಣ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಅದರಲ್ಲಿರುತ್ತವೆ. ಕೆಲವೇ ಉಸಿರಿಗೆ ಕಾಲು ಸೋಲುತ್ತದೆ. ಛಾವಣಿಯ ಕೆಳಗೆ ಒಟ್ಟಾದ ಬಿಸಿ ಅನಿಲ ಒಂದು ಹಂತಕ್ಕೆ ಬಂದಾಗ ಇಡೀ ಕ್ಯಾಬಿನ್ ಒಮ್ಮೆಗೇ ಭಗ್ಗೆನ್ನುತ್ತದೆ. ಅದಾದ ಮೇಲೆ ಒಳಗೆ ಯಾರೂ ಉಳಿಯುವುದಿಲ್ಲ. ಹೊರಗಿನ ಬೆಂಕಿ ಒಳಹೊಕ್ಕರೆ ಎರಡು ನಿಮಿಷದ ಆಸುಪಾಸಿನಲ್ಲೇ ಇದು ಆಗಿಬಿಡಬಹುದು.

1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಒಂದು ಬೋಯಿಂಗ್ 737ರ ಎಂಜಿನ್ ಓಟದ ನಡುವೆ ಒಡೆಯಿತು. ಪೈಲಟ್ ಸರಿಯಾಗಿಯೇ ನಿಲ್ಲಿಸಿದರು. ವಿಮಾನ ಎಲ್ಲೂ ಬಡಿಯಲಿಲ್ಲ, ಅಗ್ನಿಶಾಮಕದವರು ಅದೇ ನಿಲ್ದಾಣದಲ್ಲಿದ್ದರು. ಆದರೂ 137 ಜನರಲ್ಲಿ 55 ಜನ ಸತ್ತರು, ಅವರಲ್ಲಿ 48 ಜನ ಹೊಗೆಯಿಂದ. ನಿಂತ ವಿಮಾನದಲ್ಲಿ.

ಅಗ್ನಿಶಾಮಕ ವಾಹನ ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕು, ಎರಡರಲ್ಲಿ ತಲುಪಿದರೆ ಉತ್ತಮ ಎನ್ನುತ್ತದೆ ಅಂತಾರಾಷ್ಟ್ರೀಯ ನಿಯಮ. ಹೊರಗಿನ ಹಾಳೆಗೆ ಒಂದು ನಿಮಿಷ, ಒಳಗಿನವರಿಗೆ ಎರಡು, ಫೋಮ್ ಗಾಡಿಗೆ ಮೂರು. ಕೂಡಿಸಿ ಕಳೆಯಿರಿ. ಗಾಡಿ ಬರುವ ಮೊದಲೇ ನೀವು ಹೊರಗಿರಬೇಕು.

ದೊಡ್ಡ ವಿಮಾನದಲ್ಲಿ ಈ ನಡುವಿನ ಹೊತ್ತನ್ನು ತುಂಬಲು ಒಂದು ಏರ್ಪಾಟಿದೆ. 44ಕ್ಕಿಂತ ಹೆಚ್ಚು ಸೀಟಿನ ಮಾದರಿಯಾದರೆ, ಅರ್ಧ ಬಾಗಿಲು ಮುಚ್ಚಿಟ್ಟು, ಕತ್ತಲಲ್ಲಿ, ಎಲ್ಲರನ್ನೂ 90 ಸೆಕೆಂಡಿನಲ್ಲಿ ಇಳಿಸಿ ತೋರಿಸಬೇಕು. ತರಬೇತಾದ ಗಗನಸಖಿಯರು ಇರಬೇಕು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಜೀವಂತ ಇಳಿದದ್ದು ಸಿಬ್ಬಂದಿಯ ಕೂಗಿನಿಂದ ಮತ್ತು ಚೀಲ ಬಿಟ್ಟು ಬಂದ ಪ್ರಯಾಣಿಕರಿಂದ.

ಸಣ್ಣ ಜೆಟ್ ಈ ಗೆರೆಯ ಕೆಳಗೆ ಬೀಳುತ್ತದೆ. ಅಮೆರಿಕದ ನಿಯಮದಲ್ಲಿ 19 ಸೀಟಿನವರೆಗೆ ಬಾಡಿಗೆ ವಿಮಾನಕ್ಕೆ ಗಗನಸಖಿ ಕಡ್ಡಾಯವಲ್ಲ, ಬೇರೆ ದೇಶಗಳದ್ದೂ ಹೆಚ್ಚುಕಡಿಮೆ ಇದೇ ಜಾಡು. 90 ಸೆಕೆಂಡಿನ ಪ್ರದರ್ಶನ ಬೇಕಿಲ್ಲ. ಗೋಡೆಯ ಹಲಗೆಗಳು ಉರಿದಾಗ ಎಷ್ಟು ಶಾಖ ಬಿಡಬಹುದು ಎಂಬ ಕಟ್ಟುನಿಟ್ಟಿನ ಪರೀಕ್ಷೆ 20 ಮತ್ತು ಅದಕ್ಕಿಂತ ಹೆಚ್ಚು ಸೀಟಿನವಕ್ಕೆ ಮಾತ್ರ. ಸೀಟಿನ ಮೆತ್ತೆಗೆ ಪರೀಕ್ಷೆ ಇದೆ, ನಿಜ. ಆದರೆ ಹೊಳೆಯುವ ಮರದ ಹಲಗೆಯ ಆ ವೈಭವವನ್ನು ನೋಡುವಾಗಲೆಲ್ಲ ನನಗೆ ಈ 19ರ ಗೆರೆ ನೆನಪಾಗುತ್ತದೆ. ಜನ ಕಡಿಮೆ, ಬೇಗ ಇಳಿಯುತ್ತಾರೆ ಎಂಬ ತರ್ಕ ತಪ್ಪಲ್ಲ. ಆದರೆ ಬಾಗಿಲು ತೆಗೆಯುವವರು ಯಾರು? ಪೈಲಟ್‌ಗಳೇ. ರನ್‌ವೇ ದಾಟಿದ ವಿಮಾನದಲ್ಲಿ ಮೊದಲು ಬಡಿಯುವುದು ಮೂಗು, ಮೂಗಿನಲ್ಲಿ ಕೂತವರು ಅವರು. ಟೆಟರ್‌ಬರೊದ 2005ರ ಅಪಘಾತದಲ್ಲಿ ಇಬ್ಬರು ಪೈಲಟ್‌ಗಳಿಗೂ ಗಂಭೀರ ಗಾಯವಾಗಿತ್ತು. ಕ್ಯಾಬಿನ್‌ನಲ್ಲಿ ಒಬ್ಬ ಸಹಾಯಕಿ ಇದ್ದಳು. ತುರ್ತಿನಲ್ಲಿ ಮುಖ್ಯ ಬಾಗಿಲು ತೆಗೆಯುವುದೂ ಸೇರಿದಂತೆ ವಹಿಸಿದ ಕೆಲಸಕ್ಕೆ ಆಕೆಗೆ ಕೊಟ್ಟ ತರಬೇತಿ ಸಾಲದು ಎಂದು ತನಿಖಾ ವರದಿ ಬರೆಯಿತು. ಚಹಾ, ತಿಂಡಿ ಕೊಡಲು ಬಂದವಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಬಾಗಿಲೂ ಒಂದು ಒಗಟು. ಬಹುತೇಕ ಸಣ್ಣ ಜೆಟ್‌ಗಳಿಗೆ ಎಡಗಡೆ ಮುಂದೆ ಒಂದೇ ಮುಖ್ಯ ಬಾಗಿಲು. ಅದರ ಕೆಳಭಾಗವೇ ಮಡಚಿಕೊಂಡು ಮೆಟ್ಟಿಲಾಗುತ್ತದೆ, ಅಂದರೆ ಬಾಗಿಲು ಹೊರಕ್ಕೆ, ಕೆಳಕ್ಕೆ ತೆರೆಯುತ್ತದೆ. ಗಾಲಿಯ ಕಾಲು ಮುರಿದು ಹೊಟ್ಟೆ ನೆಲಕ್ಕೆ ಕೂತಾಗ ಆ ಮೆಟ್ಟಿಲಿಗೆ ನೆಲವೇ ಅಡ್ಡ. ಕೆಲವು ಮಾದರಿಗಳಲ್ಲಿ ಬಾಗಿಲು ಎರಡು ಭಾಗವಾಗಿ, ಮೇಲಿನದು ಮೇಲಕ್ಕೆ ತೆರೆಯುತ್ತದೆ, ಅಲ್ಲಿ ತೂರಿಕೊಳ್ಳಬಹುದು. ಎರಡನೆಯ ದಾರಿ ಕಿಟಕಿಯಷ್ಟೇ ಇರುವ ತುರ್ತು ದ್ವಾರ. ರೆಕ್ಕೆಯ ಮೇಲೆ ಇರಬಹುದು, ಕೆಲವದರಲ್ಲಿ ಹಿಂದೆ ಶೌಚಾಲಯದ ಹತ್ತಿರ. ಹಿಡಿಕೆಯ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಅದನ್ನು ಕಿತ್ತು ಹಿಡಿಕೆ ಎಳೆಯಬೇಕು. ಮುಚ್ಚಳವೇ ಹಿಡಿಕೆಯೆಂದು ಗಾಬರಿಯಲ್ಲಿ ಅದನ್ನೇ ಜಗ್ಗುತ್ತಾ ಕೂಡುವುದು ಸುಲಭ. ಹೊಗೆಯಲ್ಲಿ ಕಣ್ಣು ಕಾಣದು, ಹಾಗಾಗಿ ಕೂತ ಕೂಡಲೇ ನಿಮ್ಮ ಸೀಟಿನಿಂದ ಅದಕ್ಕೆ ಎಷ್ಟು ಸೀಟು ಎಂದು ಬೆರಳಲ್ಲಿ ಎಣಿಸಿಟ್ಟುಕೊಳ್ಳಬೇಕು. ಇದನ್ನೆಲ್ಲ ಹಾರುವ ಮುಂಚೆ ಪೈಲಟ್ ತೋರಿಸಲೇಬೇಕು. ತೋರಿಸುತ್ತಾರೆ ಕೂಡ, ಆದರೆ ಫೋನ್‌ನಲ್ಲಿ ಮಾತಾಡುತ್ತಿರುವ ದೊಡ್ಡವರಿಗೆ ಇನ್ನೊಮ್ಮೆ ಹೇಳುವ ಧೈರ್ಯ ಎಷ್ಟು ಪೈಲಟ್‌ಗಳಿಗೆ ಇದ್ದೀತು?

ಮೇಲೆ ಹಾರುವಾಗ ಹೊಗೆ ಬಂದರೆ ಕಥೆ ಇನ್ನೂ ಬಿಗಿ. 1998ರಲ್ಲಿ ಸ್ವಿಸ್‌ಏರ್ 111ರಲ್ಲಿ ಮೊದಲ ವಾಸನೆ ಮೂಗಿಗೆ ಬಡಿದದ್ದಕ್ಕೂ ವಿಮಾನ ಸಮುದ್ರಕ್ಕೆ ಬಿದ್ದದ್ದಕ್ಕೂ ನಡುವೆ ಇದ್ದದ್ದು ಸುಮಾರು 20 ನಿಮಿಷ. ಅದಕ್ಕೇ ಇವತ್ತಿನ ಪಾಠ ಸರಳ: ಮೂಲ ಹುಡುಕುತ್ತಾ ಕೂಡಬೇಡ, ಮುಖವಾಡ ಹಾಕಿಕೊ, ಹತ್ತಿರದ ರನ್‌ವೇಗೆ ಇಳಿ. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಹೊಗೆಗೆ ಮದ್ದಲ್ಲ, ಅದು ಕ್ಯಾಬಿನ್ನಿನ ಗಾಳಿಯನ್ನೂ ಬೆರೆಸಿಯೇ ಕೊಡುತ್ತದೆ. ಒದ್ದೆ ಬಟ್ಟೆ ಮೂಗಿಗೆ ಹಿಡಿದು ತಗ್ಗಿ ಕೂಡುವುದು ಮೇಲು.

ಈಗೀಗ ಹೊಗೆಯ ಮೂಲ ಹೆಚ್ಚಾಗಿ ನಮ್ಮ ಜೇಬಿನಲ್ಲೇ ಇರುತ್ತದೆ. ಹೋದ ಬೇಸಿಗೆಯಲ್ಲಿ ನನ್ನದೇ ಒಂದು ಪವರ್ ಬ್ಯಾಂಕನ್ನು ಸ್ಕೂಟರ್ ಡಿಕ್ಕಿಯಲ್ಲಿ ಮರೆತೆ. ಸಂಜೆ ತೆಗೆದಾಗ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿ, ಹೊದಿಕೆಯ ಅಂಚು ಬಾಯಿಬಿಟ್ಟಿತ್ತು. ಇದನ್ನು ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಿದ್ದರೆ ಎಂದು ಯೋಚಿಸಿ ಬೆವರಿದೆ. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಪಟಾಕಿ ಸರ. ಬೆಂಕಿ ಆರಿಸಲೆಂದು ವಿಮಾನದಲ್ಲಿ ಇಡುವ ಹ್ಯಾಲಾನ್ ಅನಿಲದ ಸಿಲಿಂಡರ್ ಜ್ವಾಲೆಯನ್ನು ಆರಿಸುತ್ತದೆ, ಬಿಸಿ ಉಳಿಯುತ್ತದೆ, ಮುಂದಿನ ಪಟಾಕಿ ಹಾರುತ್ತದೆ. ಆಮೇಲೆ ಬೇಕಾದ್ದು ನೀರು, ಬಾಟಲಿಗಟ್ಟಲೆ. ಕಂಬಳಿ ಮುಚ್ಚಬಾರದು, ಮಂಜುಗಡ್ಡೆಯನ್ನೂ ಇಡಬಾರದು, ಎರಡೂ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ಪವರ್ ಬ್ಯಾಂಕಿಗೆ ಅನುಮತಿಯಿಲ್ಲದೆ ಒಯ್ಯುವ ಮಿತಿ 100 ವ್ಯಾಟ್-ಅವರ್, ಅದೂ ಕೈಚೀಲದಲ್ಲಿ. 20,000 ಎಂಎಎಚ್ ಎಂದು ಬರೆದದ್ದು 74 ವ್ಯಾಟ್-ಅವರ್ ಆಗುತ್ತದೆ, ನಡೆಯುತ್ತದೆ. ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಅಲುಗಿಸಬೇಡಿ. ಸಣ್ಣ ಜೆಟ್‌ನ ಸೀಟು ಸುತ್ತುತ್ತದೆ, ಜಾರುತ್ತದೆ, ಮಲಗುತ್ತದೆ. ಅಷ್ಟೂ ಸಂದಿಗಳು ಫೋನನ್ನು ಅಡಕತ್ತರಿಯಂತೆ ಕಚ್ಚಬಲ್ಲವು.

ಇಷ್ಟು ಹೇಳುವ ಹೊತ್ತಿಗೆ ಕತ್ತಲಾಗಿತ್ತು. ಹುಡುಗ ಎರಡೂ ಚಹಾದ ರೊಕ್ಕ ತಾನೇ ಕೊಟ್ಟ, ನನ್ನ ಕೈ ಜೇಬಿಗೆ ಹೋಗುವ ಮೊದಲೇ. ನಾನು ಬಿಡುವವನಲ್ಲ ಎಂದು ಬಸ್‌ ಸ್ಟ್ಯಾಂಡಿನವರೆಗೆ ಅವನ ಗಾಡಿಯನ್ನೇ ಹತ್ತಿದೆ. ಹೊರಡುವ ಮುಂಚೆ ಅವನು ಬಲಗಡೆಗೆ ಬಂದು, ಜನ ಆ ಕಡೆ ಇಳಿಯದಿರಲಿ ಎಂದು ಅಡ್ಡ ಹಾಕಿದ್ದ ಕಬ್ಬಿಣದ ಸಳಿಯನ್ನು ಹಿಡಿದು ಅಲುಗಾಡಿಸಿ ನೋಡಿದ.

"ನನ್ನ ಗಾಡಿಗೂ ಒಂದ ಬಾಗಲ ಅದ ನೋಡ್ರಿ ಸರ್ರ."

"ವೆಲ್ಡಿಂಗ್ ಮಾಡ್ಸೀಯೇನು ತಮ್ಮಾ?"

"ಇಲ್ರಿ, ನಟ್ಟ್ ಬೋಲ್ಟ್ ಅದ. ಹದಿಮೂರ ನಂಬರ್ ಪಾನಾ ಹತ್ತತದ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ಪಾನಾ ಮನ್ಯಾಗ ಅದ್ರಿ."